ದೊಡ್ಡಳಿಯನ ನೂರೈದು

ಆ ಮನೆಯಲ್ಲಿ ದೊಡ್ಡಳಿಯ ಎಂದರೆ ಮೊದಲ ಮಗಳ ಗಂಡ, ಚಿಕ್ಕಳಿಯ ಎಂದರೆ ಎರಡನೆಯ ಮಗಳ ಗಂಡ. ಇದರಿಂದ ಯಾರು ದೊಡ್ಡವರು ಯಾರು ಚಿಕ್ಕವರು ಎಂದು ನೀವು ತೀರ್ಮಾನಿಸಿಬಿಟ್ಟರೆ ಮೋಸ ಹೋದಿರಿ. ದೊಡ್ಡಳಿಯ ಬಾಗಿಲಲ್ಲಿ ಕಂಡರೆ ಅತ್ತೆ, "ಓ, ಬನ್ನಿ" ಎಂದು ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಿದ್ದರು. ಚಿಕ್ಕಳಿಯನ ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, "ಅಯ್ಯೋ, ಬಂದೇಬಿಟ್ರು! ಫ್ಯಾನ್ ಹಾಕ್ರೇ, ಆ ಒಳ್ಳೆ ಕುರ್ಚಿ ಈ ಕಡೆ ತನ್ರೇ" ಎಂದು ಮನೆಯನ್ನೇ ಎಬ್ಬಿಸುತ್ತಿದ್ದರು. ಅಷ್ಟು ಹೊತ್ತಿಗೆ ಆ ಒಳ್ಳೆ ಕುರ್ಚಿಯಲ್ಲಿ ಕೂತಿರುತ್ತಿದ್ದವನು ದೊಡ್ಡಳಿಯ. ಎದ್ದು ಬಿಟ್ಟುಕೊಡುವ ಕೆಲಸವೂ ಅವನದೇ.

ದೊಡ್ಡಳಿಯನಿಗೆ ಪರದೆ ಬಟ್ಟೆಯ ಅಂಗಡಿಯಿತ್ತು. ಊರಿನ ಅರ್ಧ ಕಿಟಕಿಗಳ ಮಾನ ಮುಚ್ಚಿದವನು ಅವನು. ಚಿಕ್ಕಳಿಯ ಲಿಫ್ಟ್ ಕಂಪನಿಯಲ್ಲಿ ಇನ್‌ಸ್ಪೆಕ್ಟರು. ಅತ್ತೆಯ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಚಿಕ್ಕಳಿಯ, ನಲ್ಲಿ ಸೋರಿದರೆ ಚಿಕ್ಕಳಿಯ, ಟೀವಿಯಲ್ಲಿ ಚಿತ್ರ ಬಂದು ಮಾತು ಬಾರದಿದ್ದರೆ ಚಿಕ್ಕಳಿಯ. ಪರದೆ ಕೆಡುವ ವಸ್ತುವಲ್ಲ. ದೊಡ್ಡಳಿಯನ ದುರಂತ ಅದೇ. "ಅವನನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ" ಎಂದು ಹೆಂಡತಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದ. "ತಣ್ಣೀರು ಕುಡೀರಿ" ಎಂದಿದ್ದಳು ಹೆಂಡತಿ. ಕುಡಿದ. ಏನೂ ಆರಲಿಲ್ಲ.

ಹೀಗಿರುವಾಗ ಮಾವನಿಗೆ ಮಂಡಿಯ ಆಪರೇಷನ್ ಆಯಿತು. ಆಸ್ಪತ್ರೆಗೆ ಸೇರಿಸಿದ್ದು ಯಥಾಪ್ರಕಾರ ಚಿಕ್ಕಳಿಯನ ಕಾರಿನಲ್ಲಿ. ಆದರೆ ವಾಪಸು ಬರುವಾಗ ಕಾಲು ಮಡಿಸಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅಳಿಯಂದಿರಿಬ್ಬರದೂ ಒಂದೇ ಕಂಪನಿಯ ಕಾರು. ಚಿಕ್ಕಳಿಯನದು ಚುರುಕಾದ ಗಿಡ್ಡ ಕಾರು, ದೊಡ್ಡಳಿಯನದು ಸೆಕೆಂಡ್‌ಹ್ಯಾಂಡಾದರೂ ಹಡಗಿನಂತೆ ಉದ್ದ. ಅತ್ತೆಯೇ ಫೋನ್ ಮಾಡಿದರು.

"ಅಳಿಯಂದ್ರೇ, ಈ ಸಲ ನಿಮ್ಮ ಕಾರಲ್ಲೇ ಬರ್ತೀವಿ. ನಾಳೆ ಬೆಳಿಗ್ಗೆ ಬಂದ್ಬಿಡಿ."

ಮದುವೆಯಾದಾಗಿನಿಂದ ಕಿವಿ ನಿಮಿರಿಸಿ ಕಾಯುತ್ತಿದ್ದ ಮಾತು! ಮಾವನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು, ಅತ್ತೆ ಪಕ್ಕದಲ್ಲಿ ಕೂತು, ಚಿಕ್ಕಳಿಯ ಹಿಂದಿನಿಂದ ತನ್ನ ಗಿಡ್ಡ ಕಾರಿನಲ್ಲಿ ಬರುವ ಮೆರವಣಿಗೆಯನ್ನು ದೊಡ್ಡಳಿಯ ಆಗಲೇ ಕಣ್ತುಂಬ ನೋಡಿದ. ಹಾಡುತ್ತ ಹೋಗಿ ಕಾರಿನ ಗುಂಡಿ ಒತ್ತಿದ. ಕಾರು 'ಕಟ್' ಎಂದಿತು. ಮತ್ತೆ ಒತ್ತಿದ. 'ಕಟ್' ಎನ್ನುವುದನ್ನೂ ಬಿಟ್ಟಿತು.

ಬ್ಯಾಟರಿ ಅಂಗಡಿಯವನು ಬಂದ, ಬಾನೆಟ್ ಎತ್ತಿದ, "ಇದರ ಆಯಸ್ಸು ಮುಗೀತು ಸಾರ್" ಎಂದ. ಹಳೆಯದನ್ನು ಇಳಿಸಿ, ಅದೇ ಅಳತೆಯ ಹೊಸದನ್ನು ಕೂರಿಸಿ ಕೈ ಒರೆಸಿಕೊಂಡ.

"ಕೂರಿಸಿದ್ರೆ ಅರ್ಧ ಕೆಲಸ ಸಾರ್. ಇನ್ನು ಕಾರಿಗೆ ಹೇಳ್ಬೇಕು."

"ಏನಂತ?"

"ಹಳೇದು ಹೋಯ್ತು, ಹೊಸದು ಬಂತು, ಇಷ್ಟು ಶಕ್ತೀದು ಅಂತ. ಇದು ಲೆಕ್ಕ ಇಡೋ ಕಾರು. ಎಂಜಿನ್ ನಿಂತಾಗ ಎಷ್ಟು ಹೊತ್ತು ರೇಡಿಯೋ ಹಾಡ್ಬೇಕು, ಯಾವಾಗ ದೀಪ ಆರಿಸ್ಬೇಕು, ಎಲ್ಲಾ ಅದೇ ತೀರ್ಮಾನ ಮಾಡುತ್ತೆ. ಹೇಳದೇ ಹೋದ್ರೆ ಹಳೇ ಮುದಿ ಬ್ಯಾಟರೀನೇ ಇದೆ ಅಂದ್ಕೊಂಡು ಹೊಸದರ ಪ್ರಾಣ ತೆಗೆಯುತ್ತೆ."

"ಹೇಳಿದ್ರೆ?"

"ಹೇಳಿದ್ದನ್ನ ನಂಬುತ್ತೆ ಸಾರ್. ಪಾಪದ್ದು."

ಹಾಗೆ ಹೇಳುವುದಕ್ಕೆ ಬೇಕಾದ ಅವನ ಲ್ಯಾಪ್‌ಟಾಪು ರಿಪೇರಿಗೆ ಹೋಗಿತ್ತು. ಕಂಪನಿಯ ವರ್ಕ್‌ಶಾಪಿಗೆ ಫೋನ್ ಮಾಡಿದರೆ ಮುಂದಿನ ವಾರ ಬನ್ನಿ ಎಂದರು. ಆಗ ಹೆಂಡತಿ ಆಡಬಾರದ ಮಾತನ್ನು ಆಡಿಬಿಟ್ಟಳು.

"ನನ್ನ ತಂಗಿ ಗಂಡಂಗೆ ಒಂದ್ ಫೋನ್ ಮಾಡಿ ರೀ. ಅವರ ಹತ್ರ ಕೇಬಲ್ಲಿದೆ, ಸಾಫ್ಟ್‌ವೇರಿದೆ. ಹೋದ ವರ್ಷ ತಮ್ಮ ಕಾರಿಗೆ ತಾವೇ ಕೂತು ಮಾಡ್ಕೊಂಡ್ರು."

"ಆ ಮಹಾನುಭಾವನ ಕೈ ತಾಗಿದ ಮೇಲೆ ಮಾವ ಯಾರ ಕಾರಲ್ಲಿ ಬಂದ ಹಾಗಾಯ್ತು? ನನ್ನ ಕಾರಲ್ಲೋ, ಅವನ ಕೃಪೇಲೋ?"

"ನಮ್ಮಪ್ಪ ಮನೆಗೆ ಬಂದ ಹಾಗಾಯ್ತು" ಎಂದಳು ಹೆಂಡತಿ.

ದೊಡ್ಡಳಿಯ ಕೇಳಿಸಿಕೊಳ್ಳಲಿಲ್ಲ. ಅಂಗಡಿಯವನ ಕೇಬಲ್ಲನ್ನು ಕಡ ತೆಗೆದುಕೊಂಡು, ತನ್ನ ಪರದೆ ಅಂಗಡಿಯ ಲೆಕ್ಕಪತ್ರಕ್ಕಿದ್ದ ಲ್ಯಾಪ್‌ಟಾಪಿಗೆ ಆ ಸಾಫ್ಟ್‌ವೇರನ್ನು ಇಳಿಸಿಕೊಂಡು, ಕಾರಿನೊಳಗೆ ಕೂತ. ಸ್ಟಿಯರಿಂಗಿನ ಕೆಳಗೆ ಕೇಬಲ್ ಚುಚ್ಚುವ ಜಾಗವೊಂದಿದೆ. ಅದನ್ನು ಹುಡುಕಲು ತಲೆಯನ್ನು ಕಾಲಿನ ಜಾಗಕ್ಕೂ ಕಾಲನ್ನು ತಲೆಯ ಜಾಗಕ್ಕೂ ತರಬೇಕಾಯಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಪತ್ರಿಕೆ ಮಡಿಸಿಟ್ಟು ಗೇಟಿನ ಬಳಿ ಬಂದರು.

"ಏನ್ ಸ್ವಾಮಿ, ಕಾರಿಗೆ ಕಂಪ್ಯೂಟರ್ ಪಾಠಾನಾ?"

"ಕೋಡಿಂಗ್" ಎಂದಿತು ಸೀಟಿನ ಕೆಳಗಿನಿಂದ ಒಂದು ಗಂಭೀರ ಧ್ವನಿ.

"ಓಹೋ!" ಎಂದು ಪೋಸ್ಟ್‌ಮಾಸ್ಟರು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಸರಿದದ್ದು ಒಳ್ಳೆಯದೇ ಆಯಿತು. ದೊಡ್ಡಳಿಯ ಮೊದಲು ಒತ್ತಿದ್ದು ಯಾವುದೋ ಪರೀಕ್ಷೆಯ ಗುಂಡಿ. ನಾಲ್ಕೂ ಕಿಟಕಿ ಸರ್ರನೆ ಇಳಿದವು, ವೈಪರುಗಳು ಒಣ ಗಾಜಿನ ಮೇಲೆ ಕಿರ್ರೆಂದವು, ಹಾರ್ನು ಎಡೆಬಿಡದೆ ಕೂಗಿತು. ಮಹಡಿ ಮನೆಯವರೆಲ್ಲ ಹೊರಗೆ ಬಂದರು. "ಎಲ್ಲಾ ಸರಿಯಾಗಿ ಕೆಲಸ ಮಾಡ್ತಿದೆ!" ಎಂದು ದೊಡ್ಡಳಿಯ ಬೆವರು ಒರೆಸಿಕೊಳ್ಳುತ್ತ ಸಾರಿದ. ಬಿದ್ದರೂ ಮೀಸೆ ಮಣ್ಣಾಗದ ಜಟ್ಟಿಗಳ ಸಾಲಿಗೆ ಸೇರಿದವನು ಅವನು.

ಅಂತೂ ಇಂತೂ ಬ್ಯಾಟರಿಯ ಪುಟ ಸಿಕ್ಕಿತು. ಹೊಸ ಬ್ಯಾಟರಿ ಹಾಕಿದ್ದೀರಾ? ಹೌದು. ಅದರ ಶಕ್ತಿ ಎಷ್ಟು? ಕೆಳಗೆ ಸಂಖ್ಯೆಗಳ ಸಾಲು. ಬ್ಯಾಟರಿಯ ನೆತ್ತಿಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಎಪ್ಪತ್ತು ಎಂದು ಬರೆದಿತ್ತು. ದೊಡ್ಡಳಿಯನ ಬೆರಳು ಎಪ್ಪತ್ತರ ಕಡೆಗೇ ಹೊರಟಿತ್ತು, ಸತ್ಯವಾಗಿಯೂ ಹೊರಟಿತ್ತು. ಅಷ್ಟರಲ್ಲಿ ಹೆಂಡತಿ ಫೋನನ್ನು ಕಿವಿಗೆ ಒತ್ತಿಕೊಂಡೇ ಗೇಟಿಗೆ ಬಂದಳು.

"ರೀ, ತಂಗಿ ಕೇಳ್ತಿದಾಳೆ, ನಮ್ಮದು ಎಷ್ಟರದ್ದು? ಅವರದ್ದು ಎಂಬತ್ತಂತೆ."

ಗಿಡ್ಡ ಕಾರಿಗೆ ಎಂಬತ್ತು! ಹಡಗಿಗೆ ಎಪ್ಪತ್ತು! ದೊಡ್ಡಳಿಯನ ಬೆರಳು ಗಾಳಿಯಲ್ಲೇ ನಿಂತಿತು. ಹೊಟ್ಟೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು.

ಇಂಥ ಹೊತ್ತಿನಲ್ಲಿ ಮನುಷ್ಯನ ಕೈಹಿಡಿಯುವುದು ಅವನ ಕಸುಬು. ಪರದೆಯವರಲ್ಲಿ ಒಂದು ನಿಯಮವಿದೆ: ಕಿಟಕಿಯ ಅಗಲ ಎಷ್ಟಿದ್ದರೂ ಬಟ್ಟೆಯನ್ನು ಅದರ ಒಂದೂವರೆಯಷ್ಟು ಬರೆದುಕೊಳ್ಳಬೇಕು. ಇಲ್ಲದಿದ್ದರೆ ನೆರಿಗೆ ಕೂರುವುದಿಲ್ಲ, ಪರದೆ ಬಡವನ ಪಂಚೆಯಂತೆ ಕಾಣುತ್ತದೆ. ಇಷ್ಟು ವರ್ಷ ಹಾಗೆ ಬರೆದುಕೊಂಡದ್ದರಿಂದ ಯಾವ ಕಿಟಕಿಗೂ ನಷ್ಟವಾಗಿರಲಿಲ್ಲ. ಎಪ್ಪತ್ತರ ಒಂದೂವರೆ ಎಷ್ಟು? ನೋಡಿದರೆ ಆ ಸಾಲಿನಲ್ಲಿ ಅದೇ ಸಂಖ್ಯೆ ಕೂತು ಕರೆಯುತ್ತಿತ್ತು.

"ನೂರೈದು ಅಂತ ಹೇಳೇ" ಎಂದು ದೊಡ್ಡಳಿಯ ಗುಂಡಿ ಒತ್ತಿದ.

'ದಾಖಲಾಗಿದೆ' ಎಂದಿತು ಯಂತ್ರ. ಆ ಕಡೆ ಫೋನಿನಲ್ಲಿ ನಾದಿನಿ ಒಂದು ಗಳಿಗೆ ಮಾತೇ ಆಡಲಿಲ್ಲ. ಆ ಮೌನವನ್ನು ಗೇಟಿನಿಂದ ಇಷ್ಟು ದೂರ ಕೂತೇ ಕೇಳಿಸಿಕೊಂಡ ದೊಡ್ಡಳಿಯ ಸಂತೋಷದಿಂದ ಸೀಟಿಗೆ ಒರಗಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಮನುಷ್ಯರಿಗೆ ಮಾತ್ರ ಎಂದು ನಾವು ತಿಳಿದಿದ್ದೆವು. ಅಂದು ಕಾರಿಗೂ ಮುಡಿಸಿದ್ದಾಯಿತು.

ನೂರೈದು ಎಂಬ ಸಂಖ್ಯೆ ಕಾರಿಗಿಂತ ಜೋರಾಗಿ ಓಡಿತು. ಪೋಸ್ಟ್‌ಮಾಸ್ಟರು ಅದನ್ನು ಬೀದಿಗೆಲ್ಲ ಬಟವಾಡೆ ಮಾಡಿದರು. ಸಂಜೆ ಚಿಕ್ಕಳಿಯನ ಫೋನು ಬಂತು.

"ಭಾವ, ನಿಮ್ಮ ಕಾರಿನ ಆ ಜಾಗದಲ್ಲಿ ನೂರೈದರ ಬ್ಯಾಟರಿ ಕೂರೋದೇ ಇಲ್ಲವಲ್ಲ?"

"ಕೂತಿದೆ."

"ಹೇಗೆ ಭಾವ?"

"ಕೂರಿಸಿದ್ರೆ ಕೂರುತ್ತೆ."

ಚಿಕ್ಕಳಿಯ ಫೋನು ಇಟ್ಟ ಕೂಡಲೇ ಅತ್ತೆಯ ಫೋನು.

"ನೂರೈದಂತೆ ಅಳಿಯಂದ್ರೇ? ಚಿಕ್ಕೋರದ್ದು ಬರೀ ಎಂಬತ್ತಂತೆ ಪಾಪ. ನೂರೈದು ಅಂದ್ರೆ ಅದರಲ್ಲಿ ಏನೇನು ನಡೆಯುತ್ತೆ?"

"ಏನ್ ಬೇಕಾದ್ರೂ ನಡೆಯುತ್ತೆ ಅತ್ತೆ."

'ಬರೀ' ಮತ್ತು 'ಪಾಪ' ಎಂಬ ಆ ಎರಡು ಪದಗಳನ್ನು ದೊಡ್ಡಳಿಯ ಊಟದ ಹೊತ್ತಿನಲ್ಲಿ ಹೆಂಡತಿಯ ಬಾಯಲ್ಲಿ ಎರಡೆರಡು ಸಲ ಹೇಳಿಸಿ ಕೇಳಿದ. ಅತ್ತೆಯಾದರೋ ಅವನ ಮಾತನ್ನು ಇದ್ದದ್ದು ಇದ್ದಹಾಗೆ ನಂಬಿದರು. ಎಲ್ಲ ತೊಂದರೆಯೂ ಅಲ್ಲಿಂದಲೇ ಹತ್ತಿಕೊಂಡಿತು.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ದೊಡ್ಡಳಿಯ ಆಸ್ಪತ್ರೆಯ ಪೋರ್ಟಿಕೋದಲ್ಲಿ ಹಡಗನ್ನು ತಂದು ನಿಲ್ಲಿಸಿದ. ಸೆಕ್ಯೂರಿಟಿಯವನು ಓಡಿ ಬಂದ. "ಎಂಜಿನ್ ಆಫ್ ಮಾಡಿ ಸಾರ್. ಇಲ್ಲಿ ಹೊಗೆ ಬಿಡೋ ಹಾಗಿಲ್ಲ." ಆಫ್ ಮಾಡಿದ. ಡಿಸ್ಚಾರ್ಜ್ ಎಂಬುದು ಯಾವ ಆಸ್ಪತ್ರೆಯಲ್ಲಿ ಹೇಳಿದ ಹೊತ್ತಿಗೆ ಆಗಿದೆ? ಕೌಂಟರಿನವಳು ಕಾಗದ ಔಷಧಿ ವಿಭಾಗದಿಂದ ಬರಬೇಕು ಎಂದಳು. ಔಷಧಿ ವಿಭಾಗದವನು ಡಾಕ್ಟರ ಸಹಿ ಬೇಕು ಎಂದ. ಡಾಕ್ಟರು ಇನ್ನೊಬ್ಬರ ಮಂಡಿಯೊಳಗಿದ್ದರು.

ಅತ್ತೆ ಕಾಯುವುದಕ್ಕೆ ಕಾರಿಗೇ ಬಂದು ಮುಂದಿನ ಸೀಟಿನಲ್ಲಿ ಕೂತರು. ಮೂರನೆಯ ಮಗಳೂ ಬ್ಯಾಗುಗಳ ಸಮೇತ ಹಿಂದೆ ಕೂತಳು; ಅವಳಿಗಿನ್ನೂ ಮದುವೆಯಾಗಿರಲಿಲ್ಲ.

"ಸೆಕೆ ಅಳಿಯಂದ್ರೇ. ನಡೆಯುತ್ತಲ್ಲ?"

"ನೂರೈದು ಅತ್ತೆ!" ಎಂದು ದೊಡ್ಡಳಿಯ ಫ್ಯಾನನ್ನು ತುದಿಗೆ ತಿರುಗಿಸಿದ. ಎಂಜಿನ್ನಿಲ್ಲದೆ ತಣ್ಣನೆಯ ಗಾಳಿ ಬರದಿದ್ದರೂ ಗಾಳಿಯಂತೂ ಬಂತು. ಅತ್ತೆಗೆ ಹಾಡು ಬೇಕೆನಿಸಿತು, ಬಂತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೂತು ಸೊಂಟ ನೋಯುತ್ತದೆ ಎಂದರು. ಸೀಟು ಬಿಸಿಮಾಡುವ ಗುಂಡಿ ಒತ್ತಿದ. ಮೇಲೆ ಫ್ಯಾನು, ಕೆಳಗೆ ಕಾವು, ನಡುವೆ ಅತ್ತೆ. "ಅಯ್ಯಪ್ಪಾ, ಎಂಥ ಸುಖ!" ಎಂದು ಕಣ್ಣು ಮುಚ್ಚಿದರು. ಮತ್ತೆ ತೆರೆದು, ವಾರ್ಡಿನಲ್ಲಿ ಪರಿಚಯವಾಗಿದ್ದ ಇನ್ನೊಬ್ಬ ರೋಗಿಯ ಹೆಂಡತಿಯನ್ನು ಕೂಗಿ ಕರೆದರು. "ನಿಮ್ಮ ಮೊಬೈಲ್ ಚಾರ್ಜಿಲ್ಲ ಅಂತಿದ್ರಲ್ಲ, ಬನ್ನಿ. ನಮ್ಮ ದೊಡ್ಡಳಿಯಂದು ನೂರೈದು." ಆಕೆ ಇನ್ನಿಬ್ಬರನ್ನು ಕರೆತಂದಳು. ಹಡಗಿನ ತುಂಬ ವೈರುಗಳು ಇಳಿಬಿದ್ದವು.

ಹಿಂದೆಲ್ಲ ಎಂಜಿನ್ ನಿಲ್ಲಿಸಿ ಎರಡು ಹಾಡು ಕೇಳುವಷ್ಟರಲ್ಲಿ 'ಬ್ಯಾಟರಿ ಉಳಿಸಿ' ಎಂದು ಗದರಿ ರೇಡಿಯೋ ಆರಿಸುತ್ತಿದ್ದ ಕಾರು ಇಂದು ಕಮಕ್ ಕಿಮಕ್ ಅನ್ನಲಿಲ್ಲ. ಯಜಮಾನರು ನೂರೈದು ಎಂದಿದ್ದಾರೆ, ಇನ್ನೂ ಬೇಕಾದಷ್ಟಿದೆ ಎಂದು ನೆಮ್ಮದಿಯಾಗಿತ್ತು ಪಾಪದ್ದು.

ಅಷ್ಟರಲ್ಲಿ ಚಿಕ್ಕಳಿಯ ಹೆಂಡತಿಯೊಡನೆ ಬಂದ. ಎದುರು ಸಾಲಿನಲ್ಲಿ ಗಿಡ್ಡ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹಡಗಿನ ವೈಭವವನ್ನು ನೋಡಿದ. ಅವನ ಹೆಂಡತಿ ಇಳಿದವಳೇ ನೇರ ಅಮ್ಮನ ಬಳಿ ಬಂದು ಬಿಸಿ ಸೀಟನ್ನು ಮುಟ್ಟಿ ನೋಡಿ, "ನಮ್ಮದರಲ್ಲಿ ಇದಿಲ್ಲಪ್ಪ" ಎಂದಳು. ಚಿಕ್ಕಳಿಯ ಕಾರಿನಿಂದ ಇಳಿಯಲಿಲ್ಲ. ತನ್ನ ಹೆಡ್‌ಲೈಟು ಹಾಕಿದ, ಫ್ಯಾನು ಹಾಕಿದ, ಹಾಡನ್ನು ದೊಡ್ಡಳಿಯನ ಹಾಡಿಗಿಂತ ಒಂದು ಸುತ್ತು ಏರಿಸಿದ. ದೊಡ್ಡಳಿಯ ಎರಡು ಸುತ್ತು ಏರಿಸಿದ. ಸೆಕ್ಯೂರಿಟಿಯವನು ನಡುವೆ ನಿಂತು ಯಾರನ್ನು ಬೈಯಬೇಕೆಂದು ತಿಳಿಯದೆ ಸೀಟಿ ಊದಿದ. ಈ ಯುದ್ಧ ಮಾವನ ಕಾಗದಗಳು ಮೂರು ಮಹಡಿ ಹತ್ತಿ ಇಳಿಯುವವರೆಗೂ ನಡೆಯಿತು.

"ಇಷ್ಟು ದಿನ ಈ ಕಾರು ಇದೆ ಅಂತಾನೇ ಗೊತ್ತಿರ್ಲಿಲ್ಲವಲ್ಲ ಅಳಿಯಂದ್ರೇ" ಎಂದರು ಅತ್ತೆ. ದೊಡ್ಡಳಿಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎದುರಿಗೆ ಚಿಕ್ಕಳಿಯನ ಮುಖ ಹುಳ್ಳಗಾಗಿತ್ತು. ಎಷ್ಟು ವರ್ಷ ನಾನು ಅನುಭವಿಸಿದ್ದೆ ಮಗನೇ, ಈಗ ನೀನೂ ನೋಡು ಹೇಗಿರುತ್ತೆ ಎಂದು ದೊಡ್ಡಳಿಯ ಮನಸಾರೆ ಅಂದುಕೊಂಡ.

ಕೊನೆಗೂ ಮಾವ ಗಾಲಿಕುರ್ಚಿಯಲ್ಲಿ ಬಂದರು. ಮೂರನೆಯ ಮಗಳನ್ನು ಇಳಿಸಿ, ಇಬ್ಬರು ಆಯಾಗಳು ಅವರನ್ನು ಹಿಂದಿನ ಸೀಟಿಗೆ ಅಡ್ಡಲಾಗಿ ಸೇರಿಸಿ, ಕಾಲು ಚಾಚಿಸಿ, ದಿಂಬು ಕೊಟ್ಟರು. ಮೊಬೈಲಿನವರು ತಂತಮ್ಮ ವೈರು ಕಿತ್ತುಕೊಂಡು ಹರಸಿದರು. ದೊಡ್ಡಳಿಯ ಚಿಕ್ಕಳಿಯನ ಕಡೆಗೆ ಒಮ್ಮೆ ನೋಡಿ, ಠೀವಿಯಿಂದ ಗುಂಡಿ ಒತ್ತಿದ.

'ಕಟ್.'

ಹಾಡು ನಿಂತಿತು. ಫ್ಯಾನು ನಿಂತಿತು. ಅತ್ತೆಯ ಸೊಂಟದ ಕೆಳಗೆ ಕಾವು ಆರತೊಡಗಿತು.

"ಹೊರಟ್ವಾ?" ಎಂದರು ಹಿಂದೆ ಮಲಗಿದ್ದ ಮಾವ.

"ಹೊರಡ್ತಾ ಇದೀವಿ ಮಾವ."

ಮಾವ ಕಿಟಕಿಯಲ್ಲಿ ಸ್ವಲ್ಪ ಹೊತ್ತು ನೋಡಿದರು. "ಆ ಕಂಬ ಅಲ್ಲೇ ಇದೆಯಲ್ಲಪ್ಪ."

ಹಿಂದೆ ಆಂಬುಲೆನ್ಸು ಬಂದು ನಿಂತು ಕೂಗತೊಡಗಿತು. ಸೆಕ್ಯೂರಿಟಿಯವನು ಬಾನೆಟ್ಟಿಗೆ ಬಡಿದ. ಅತ್ತೆ ನಿಧಾನವಾಗಿ ತಿರುಗಿ ಕೇಳಿದರು: "ನೂರೈದು ಅಂದ್ರಲ್ಲ ಅಳಿಯಂದ್ರೇ?"

ದೊಡ್ಡಳಿಯ ಮತ್ತೆ ಮತ್ತೆ ಗುಂಡಿ ಒತ್ತಿದ.

ಆಗ ಚಿಕ್ಕಳಿಯ ಕಾರಿನಿಂದ ಇಳಿದ. ಆ ಇಳಿಯುವಿಕೆಯನ್ನು ನೀವು ನೋಡಬೇಕಿತ್ತು. ಡಿಕ್ಕಿಯಿಂದ ಕೆಂಪು ಕಪ್ಪು ಕೇಬಲ್ಲುಗಳ ಸುರುಳಿ ತೆಗೆದು ಹೆಗಲಿಗೆ ಹಾಕಿಕೊಂಡ. ಅತ್ತೆಯ ಕಿಟಕಿಯ ಬಳಿ ಬಂದು ಬಗ್ಗಿದ.

"ಏನೂ ಗಾಬರಿ ಬೇಡಿ ಅತ್ತೆ. ನನ್ನ ಕಾರು ಎದುರಿಗೆ ತಂದು ನಿಲ್ಲಿಸಿ, ಅದರಿಂದ ಇದಕ್ಕೆ ಸ್ವಲ್ಪ ಕರೆಂಟು ಕೊಟ್ರಾಯ್ತು. ನಾನಿದೀನಲ್ಲ."

"ನೀವಿಲ್ದಿದ್ರೆ ಏನ್ ಗತಿಯಪ್ಪ ನಮಗೆ!" ಎಂದರು ಅತ್ತೆ.

ದೊಡ್ಡಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿಗೆ ಬೇರೆ ಕೆಲಸವಿತ್ತು. ಚಿಕ್ಕಳಿಯ ಕೀಲಿ ಕುಣಿಸುತ್ತ ಹೋಗಿ ತನ್ನ ಗಿಡ್ಡ ಕಾರಿನಲ್ಲಿ ಕೂತು, ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನು ಖಾತ್ರಿ ಮಾಡಿಕೊಂಡು, ಗುಂಡಿ ಒತ್ತಿದ.

'ಕಟ್.'

ಇಷ್ಟು ಇಂಪಾದ ಸದ್ದನ್ನು ದೊಡ್ಡಳಿಯ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಾವ ಸಾಗದ ಕಾರಿನಲ್ಲಿ ಕಾಲು ಚಾಚಿ ಮಲಗಿದ್ದಾರೆ, ಹಿಂದೆ ಆಂಬುಲೆನ್ಸು ಬೊಬ್ಬೆ ಹೊಡೆಯುತ್ತಿದೆ, ಆದರೂ ಅವನಿಗೆ ಕುಣಿಯಬೇಕು ಅನ್ನಿಸಿತು.

ಸೆಕ್ಯೂರಿಟಿಯವನು ಇಬ್ಬರನ್ನೂ ಬಿಟ್ಟು ಗೇಟಿನಾಚೆ ನಿಂತಿದ್ದ ಟ್ಯಾಕ್ಸಿಯನ್ನು ಕರೆದ. ಮೂರು ಸಾಲು ಸೀಟಿನ ಉದ್ದನೆಯ, ಬಣ್ಣ ಮಾಸಿದ ಹಳೆಯ ಬಂಡಿ. ಡ್ರೈವರು ಇಳಿದು ಬಂದು, ಮಾವನ ಬೆನ್ನಿಗೊಂದು ಕೈ ತೊಡೆಗೊಂದು ಕೈ ಕೊಟ್ಟು, "ನೋವಾದ್ರೆ ಹೇಳಿ ಯಜಮಾನ್ರೇ" ಎನ್ನುತ್ತ ಎತ್ತಿ ನಡುವಿನ ಸಾಲಿನಲ್ಲಿ ಕಾಲು ಚಾಚಿಸಿ ಕೂರಿಸಿಯೂಬಿಟ್ಟ. ಅತ್ತೆ ಮುಂದೆ ಕೂತರು. ಹೆಣ್ಣುಮಕ್ಕಳು ಮೂವರೂ ಹಿಂದಿನ ಸಾಲಿನಲ್ಲಿ ತೂರಿಕೊಂಡರು. ಬಂಡಿ ಒಂದೇ ಸಲಕ್ಕೆ ಚಾಲೂ ಆಯಿತು.

"ನಿಂದು ಎಷ್ಟರದ್ದಪ್ಪ?" ಎಂದು ಅತ್ತೆ ಕೇಳಿದ್ದು ಅಳಿಯಂದಿರಿಬ್ಬರಿಗೂ ಕೇಳಿಸಿತು.

"ಏನಮ್ಮ?"

"ಬ್ಯಾಟರಿ."

"ಗೊತ್ತಿಲ್ಲಮ್ಮ. ಸ್ಟಾರ್ಟ್ ಆಗುತ್ತೆ."

ಟ್ಯಾಕ್ಸಿ ಹೋಯಿತು. ಆಂಬುಲೆನ್ಸಿನವರು, ಸೆಕ್ಯೂರಿಟಿಯವನು, ಇಬ್ಬರು ಆಯಾಗಳು ಸೇರಿ ಹಡಗನ್ನು ಪೋರ್ಟಿಕೋದಿಂದ ನೂಕಿ ಗಿಡ್ಡ ಕಾರಿನ ಪಕ್ಕಕ್ಕೆ ಬಿಟ್ಟು ಕೈ ಝಾಡಿಸಿಕೊಂಡರು. ಬ್ಯಾಟರಿ ಅಂಗಡಿಯವನು ಊಟ ಮುಗಿಸಿ ಬರುತ್ತೇನೆ ಎಂದಿದ್ದ. ಚಿಕ್ಕಳಿಯ ಬಂದು ಹಡಗಿನಲ್ಲಿ ದೊಡ್ಡಳಿಯನ ಪಕ್ಕದಲ್ಲಿ ಕೂತ. 

"ಭಾವ, ನಿಜ ಹೇಳಿ. ಎಷ್ಟು?"

"ಎಪ್ಪತ್ತು" ಎಂದ ದೊಡ್ಡಳಿಯ. "ನಿಮ್ಮದು ಎಂಬತ್ತಿದ್ರೂ ಯಾಕೆ ನಿಂತುಹೋಯ್ತು?"

ಚಿಕ್ಕಳಿಯ ಕೆಮ್ಮಿದ. "ನಿನ್ನೆ ನಿಮ್ಮದು ನೂರೈದು ಅಂತ ಕೇಳಿದ ಮೇಲೆ ಕೂತು ನೂರಹತ್ತು ಮಾಡ್ಕೊಂಡೆ ಭಾವ. ಎಂಬತ್ತೂ ಸುಳ್ಳೇ. ಇರೋದು ಅರವತ್ತು."

"ಯಾಕ್ರೀ?"

"ನಿಮ್ಮದು ದೊಡ್ಡ ಕಾರಲ್ವಾ ಭಾವ. ಮನೇಲಿ ಇವಳು ದಿನಾ ಅದನ್ನೇ ಹೇಳ್ತಾಳೆ. ಅಕ್ಕನ ಕಾರು, ಅಕ್ಕನ ಕಾರು. ನನ್ನ ಹೊಟ್ಟೆ ಎಷ್ಟು ಉರಿದಿದೆ ಅಂತ ನಿಮಗೇನು ಗೊತ್ತು."

ದೊಡ್ಡಳಿಯ ಅವನನ್ನು ಮೊದಲ ಸಲ ಸರಿಯಾಗಿ ನೋಡಿದ. ತನ್ನನ್ನೂ ಕಂಡು ಒಬ್ಬ ಕರುಬುತ್ತಾನೆ, ಅದೂ ಇವನು! ಕಣ್ಣು ಮಂಜಾಯಿತು. ಏನೋ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿಯ ಫೋನು. ಸ್ಪೀಕರಿಗೆ ಹಾಕಿದ.

"ಎಲ್ಲಿದೀರಿ ಇನ್ನೂ? ಅಮ್ಮ ಆ ಡ್ರೈವರನ್ನ ಊಟ ಮಾಡ್ಕೊಂಡೇ ಹೋಗು ಅಂತ ಕೂರಿಸಿದಾರೆ. ಎಂಥ ಒಳ್ಳೆ ಹುಡುಗ ಅಂತೀರಿ! ಬಚ್ಚಲಮನೆ ದೀಪ ಮಿಣಮಿಣ ಅಂತಿತ್ತಲ್ಲ, ಬಂದವನೇ ಸರಿ ಮಾಡ್ಕೊಟ್ಟ."

"ಅದನ್ನ ನಾನು ಭಾನುವಾರ ಮಾಡ್ತೀನಿ ಅಂದಿದ್ದೆ!" ಎಂದು ಚಿಕ್ಕಳಿಯ ಕಿರುಚಿದ.

"ಅಪ್ಪ ಅಂತೂ ಅವನನ್ನ ಬಾಯಿತಪ್ಪಿ ಅಳಿಯಂದ್ರೇ ಅಂದ್ಬಿಟ್ರು. ನಮ್ಮ ಚಿಕ್ಕವಳು ಮುಖ ಕೆಂಪು ಮಾಡ್ಕೊಂಡು ಒಳಗೆ ಓಡಿದ್ಳು. ಅಮ್ಮ ಕೇಳೇಬಿಟ್ರು, ಮದುವೆ ಆಗಿದೆಯೇನಪ್ಪ ನಿಂಗೆ ಅಂತ."

"ಏನಂದ?" ಎಂದರು ಇಬ್ಬರೂ ಒಟ್ಟಿಗೆ.

"ಇಲ್ಲವಂತೆ."

ದೊಡ್ಡಳಿಯ ಫೋನನ್ನು ಕೆಳಗಿಟ್ಟ. ಹೊಟ್ಟೆಯಲ್ಲಿ ಬೆಂಕಿ ಎದ್ದಿತ್ತು. ಪಕ್ಕಕ್ಕೆ ನೋಡಿದರೆ ಅಲ್ಲೂ ಎದ್ದಿತ್ತು.

"ಅವನು ಗಾಡಿ ಓಡಿಸೋ ರೀತಿ ನೋಡಿದ್ರಾ ಭಾವ? ಗೇಟಲ್ಲಿ ಇಂಡಿಕೇಟರೇ ಹಾಕ್ಲಿಲ್ಲ."

"ನಂಗೆ ಆಗಲೇ ಅನ್ನಿಸ್ತು ಕಣಯ್ಯಾ. ಇಳಿ, ಇಳಿ ಬೇಗ."

ಅದು ತಳ್ಳಿದರೆ ಚಾಲೂ ಆಗುವ ಜಾತಿಯ ಕಾರಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಇಳಿದು, ಅಂಗಿಯ ತೋಳು ಮಡಿಸಿ, ಭುಜಕ್ಕೆ ಭುಜ ಕೊಟ್ಟು, ಅತ್ತೆಯ ಮನೆಯ ದಿಕ್ಕಿಗೆ ಹಡಗನ್ನು ತಳ್ಳತೊಡಗಿದರು.